ಮಿಲ್ಟ್ರಿ ಲೈನ್‌ಮ್ಯಾನ್

ಮಾಜಿ ಸೈನಿಕರೊಬ್ಬರು ತೀರಿಕೊಂಡರೆ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸಿಗೆ ಅಂಗಡಿಯವರ ಹತ್ತಿರ ಒಂದು ಡಿಸೈನು ಸಿದ್ಧವಾಗಿರುತ್ತದೆ. ಹಿಂದೆ ತ್ರಿವರ್ಣ, ಒಂದು ಬದಿಗೆ ಟ್ಯಾಂಕು, ಇನ್ನೊಂದು ಬದಿಗೆ ಮುಖಕ್ಕೆ ಕಪ್ಪು ಬಳಿದುಕೊಂಡ ಯಾವ ದೇಶದವನೋ ಗೊತ್ತಿಲ್ಲದ ಕಮಾಂಡೋ, ನಡುವೆ ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿದ ಮಸುಕು ಫೋಟೊ. ಕೆಳಗೆ ‘ವೀರಯೋಧ’ ಎಂಬ ಬಿರುದು, ಹುಟ್ಟಿದ್ದು ಸತ್ತದ್ದು ಎರಡು ತಾರೀಕು. ಸೇನೆಯ ಯಾವ ದಳದಲ್ಲಿದ್ದರು, ಅಲ್ಲಿ ಕೈಯಲ್ಲಿ ಹಿಡಿದದ್ದು ಏನು, ಊರಿಗೆ ಬಂದ ಮೇಲೆ ಇಪ್ಪತ್ತು ಇಪ್ಪತ್ತೈದು ವರ್ಷ ಯಾರ ಮನೆಗೆಲ್ಲ ದೀಪ ಹಚ್ಚಿದರು, ಇದಕ್ಕೆ ಅಲ್ಲಿ ಜಾಗವಿಲ್ಲ. ಆಮೇಲೆ ಅವರು ದುಡಿದ ಕೆ.ಇ.ಬಿ.ಯ, ಅಂದರೆ ವಿದ್ಯುತ್ ಮಂಡಳಿಯ, ಹೆಸರಂತೂ ಸುಳಿಯುವುದೇ ಇಲ್ಲ. ಲೈನ್‌ಮ್ಯಾನ್ ಎಂದು ಬರೆದರೆ ಯೋಧನ ಗೌರವ ಕಮ್ಮಿಯಾದೀತೇನೋ ಎಂಬ ಅಳುಕು.

ನನ್ನ ಪ್ರಕಾರ ಇದು ತಲೆಕೆಳಗಾದ ಲೆಕ್ಕ. ಅವರ ಆಯುಷ್ಯದ ಎರಡೂ ಭಾಗ ಒಂದೇ ವಿದ್ಯೆಯ ಮೇಲೆ ನಿಂತಿತ್ತು. ಆ ವಿದ್ಯೆ ಏನೆಂದು ಬರೆದಿಡದೆ ಬರೀ ಬಿರುದು ಬರೆದರೆ, ಮೊಮ್ಮಕ್ಕಳ ಕಾಲಕ್ಕೆ ಉಳಿಯುವುದು ಆ ಕಮಾಂಡೋ ಚಿತ್ರ ಮಾತ್ರ.

ಇಲ್ಲಿ ಹೇಳುತ್ತಿರುವುದು ಒಂದು ತಲೆಮಾರಿನವರ ವಿಷಯ. 1945ರ ಆಸುಪಾಸಿನಲ್ಲಿ ಹುಟ್ಟಿದವರು. 1962ರ ಚೀನಾ ಯುದ್ಧದ ಸೋಲಿನ ಮೇಲೆ ಸೇನೆಯನ್ನು ಹಿಗ್ಗಿಸಿದಾಗ, 1963ರ ಹೊತ್ತಿಗೆ, ಹದಿನೆಂಟರ ವಯಸ್ಸಿನಲ್ಲಿ ಭರ್ತಿಯಾದವರು. ಹಾಸನ, ಕೊಡಗು, ಮಂಡ್ಯ, ಕೋಲಾರ, ಧಾರವಾಡ, ಬೆಳಗಾವಿ, ಎಲ್ಲ ಕಡೆಯಿಂದಲೂ ಹೋದರು. ಅವರಲ್ಲಿ ಒಂದು ಪಾಲು ಬೆಂಗಳೂರಿನ ಹಲಸೂರು ಕೆರೆಯ ಮಗ್ಗುಲಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿತು. ಜನ ಎಂ.ಇ.ಜಿ. ಎನ್ನುತ್ತಾರೆ, ಅಲ್ಲಿದ್ದವರು ಮದ್ರಾಸ್ ಸ್ಯಾಪರ್ಸ್ ಎನ್ನುತ್ತಾರೆ. 1780ರಲ್ಲಿ ಮದರಾಸಿನ ಕೋಟೆಯಲ್ಲಿ ಹುಟ್ಟಿದ ದಳ, ನೆಲೆ ಬೆಂಗಳೂರು. ಅಲ್ಲಿ ಸಿಪಾಯಿಗೆ ಸಿಪಾಯಿ ಎನ್ನುವುದಿಲ್ಲ, ಸ್ಯಾಪರ್ ಎನ್ನುತ್ತಾರೆ. ದಳದೊಳಗೆ ಒಬ್ಬರಿಗೊಬ್ಬರು ‘ತಂಬಿ’. ಕನ್ನಡದ ಹುಡುಗರು ಅಲ್ಲಿಂದ ತಮಿಳು ಕಲಿತು ಬಂದದ್ದು ಹಾಗೆ. ಹಿಂದಿಯನ್ನು ರೋಮನ್ ಲಿಪಿಯಲ್ಲಿ ಓದುವುದನ್ನು ಕಲಿಸಿದ್ದು ಸೇನೆಯ ಶಾಲೆ.

ಸ್ಯಾಪರ್ ಬಂದೂಕು ಹಿಡಿಯುತ್ತಾನೆ, ಆದರೆ ಅವನ ಕಸುಬು ಬೇರೆ. ರಸ್ತೆ, ಸೇತುವೆ, ನೀರು, ಸ್ಫೋಟಕ, ನೆಲದಲ್ಲಿ ಹೂತಿಡುವ ಮೈನು. ಇದರ ಜೊತೆಗೆ ಪ್ರತಿಯೊಬ್ಬನಿಗೂ ಒಂದು ಟ್ರೇಡ್ ಇರುತ್ತದೆ: ಎಲೆಕ್ಟ್ರಿಷಿಯನ್, ಬಡಗಿ, ಗಾರೆ ಕೆಲಸ, ಪ್ಲಂಬರ್, ಯಂತ್ರ ಓಡಿಸುವವನು. ಮೊದಲ ದಿನಗಳಲ್ಲಿ ಮೈಮುರಿಯುವ ಕೆಲಸವೆಂದರೆ ಬೈಲಿ ಬ್ರಿಜ್, ಉಕ್ಕಿನ ಬಿಡಿ ಭಾಗಗಳನ್ನು ಜೋಡಿಸಿ ಕಟ್ಟುವ ಸೇತುವೆ. ಅದರ ಒಂದು ಪ್ಯಾನೆಲ್ 10 ಅಡಿ ಉದ್ದ, 5 ಅಡಿ ಎತ್ತರ, ತೂಕ ಸುಮಾರು 260 ಕೆ.ಜಿ. ಆರು ಜನ ಹೊರಬೇಕು, ಆರೂ ಜನ ಒಟ್ಟಿಗೆ ಎತ್ತಿ ಒಟ್ಟಿಗೆ ಇಳಿಸಬೇಕು. ಒಬ್ಬ ಮೊದಲೇ ಕೈಬಿಟ್ಟರೆ ಪಕ್ಕದವನ ಪಾದ ಜಜ್ಜಿಹೋಗುತ್ತದೆ. ಪ್ಯಾನೆಲಿಗೆ ಪ್ಯಾನೆಲ್ ಜೋಡಿಸಿ ಪಿನ್ನು ಹೊಡೆಯುತ್ತಾರೆ, ಪಿನ್ನು ಜಾರದಂತೆ ಕ್ಲಿಪ್ಪು ಹಾಕುತ್ತಾರೆ. ಮುಂದುಗಡೆ ಹಗುರಾದ ಒಂದು ಮೂತಿ ಕಟ್ಟಿ, ರೋಲರ್ ಮೇಲೆ ಇಡೀ ಸೇತುವೆಯನ್ನು ಆಚೆ ದಡಕ್ಕೆ ತಳ್ಳುತ್ತಾರೆ. ಕ್ರೇನು ಬೇಡ. ಹಿಂದಿನ ಭಾರ ಮುಂದಿನದಕ್ಕಿಂತ ಕಮ್ಮಿಯಾದರೆ ಸೇತುವೆ ಮೂಗು ಅಡಿಯಾಗಿ ನದಿಗೆ ಬೀಳುತ್ತದೆ, ಅಷ್ಟೇ ಅದರ ಗುಟ್ಟು. 2024ರ ಆಗಸ್ಟ್ 1ರ ಹೊತ್ತಿಗೆ ವಯನಾಡಿನ ಚೂರಲ್‌ಮಲೆಯಲ್ಲಿ 190 ಅಡಿಯ ಬೈಲಿ ಸೇತುವೆ ಕಟ್ಟಿ ಮುಗಿಸಿದ್ದು ಇದೇ ಎಂ.ಇ.ಜಿ.ಯವರು. ಟಿ.ವಿ.ಯಲ್ಲಿ ಅದನ್ನು ನೋಡಿದ ಹಳೆಯ ಸ್ಯಾಪರುಗಳು ಪ್ಯಾನೆಲ್ ಎಣಿಸುತ್ತಾ ಕೂತಿದ್ದರೆ ಆಶ್ಚರ್ಯವಿಲ್ಲ.

ಆದರೆ ಮುಂದೆ ಲೈನ್‌ಮ್ಯಾನ್ ಆಗಲಿರುವವನ ಕೈಯನ್ನು ಪಳಗಿಸಿದ್ದು ಸೇತುವೆಗಿಂತ ಹೆಚ್ಚಾಗಿ ಮೈನ್ ತೆಗೆಯುವ ಕವಾಯತು. ಹೊಟ್ಟೆ ಅಡಿಯಾಗಿ ಮಲಗಿ, ಚೂಪು ಕಡ್ಡಿಯಂಥ ಪ್ರಾಡರ್ ಅನ್ನು ಮಣ್ಣಿಗೆ ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ, ಮೆಲ್ಲಗೆ ತೂರಿಸಬೇಕು. ಓರೆಯಾಗಿಯೇ ಏಕೆ? ಮೈನಿಗೆ ಒತ್ತಡ ತಾಕುವುದು ನೆತ್ತಿಯ ಮೇಲೆ. ನೆಟ್ಟಗೆ ಚುಚ್ಚಿದರೆ ನೆತ್ತಿಗೇ ತಾಕುತ್ತದೆ, ಓರೆಯಾಗಿ ಚುಚ್ಚಿದರೆ ಪಕ್ಕೆಗೆ ತಾಕುತ್ತದೆ. ಒಂದು ಚುಚ್ಚಿಗೂ ಇನ್ನೊಂದಕ್ಕೂ ನಡುವೆ ಬೆರಳಳತೆಯ ಅಂತರ. ನೋಡಿಯಾದ ನೆಲದ ಎರಡೂ ಬದಿಗೆ ಬಿಳಿ ಟೇಪು. ಟೇಪಿನ ಒಳಗೆ ನೆಲ ನಿನ್ನದು, ಹೊರಗೆ ಒಂದು ಗೇಣೂ ನಿನ್ನದಲ್ಲ. ಪಕ್ಕದವನು ‘ಇಲ್ಲಿ ನಾನು ನೋಡಿದ್ದೇನೆ’ ಎಂದರೂ ಟೇಪು ಇಲ್ಲದಿದ್ದರೆ ಕಾಲಿಡುವಂತಿಲ್ಲ. ಕಣ್ಣಿಗೆ ಕಾಣುವುದನ್ನು ನಂಬಬೇಡ, ಬಾಯಿಮಾತನ್ನು ನಂಬಬೇಡ, ನಿನ್ನ ಕೈಯಲ್ಲಿ ಮುಟ್ಟಿ ನೋಡಿದ್ದನ್ನು ಮಾತ್ರ ನಂಬು. ಇದನ್ನು ವರ್ಷಗಟ್ಟಲೆ ಮೈಗೆ ಹತ್ತಿಸುತ್ತಾರೆ.

1971ರ ಡಿಸೆಂಬರಿನ ಪಾಕಿಸ್ತಾನ ಯುದ್ಧದಲ್ಲಿ, ಪಶ್ಚಿಮ ರಂಗದ ಶಕರ್‌ಗಢ ವಲಯದ ಬಸಂತರ್ ನದಿಯ ಬಳಿ ಇದರ ಬೆಲೆ ಏನೆಂದು ಗೊತ್ತಾಯಿತು. ಮದ್ರಾಸ್ ಸ್ಯಾಪರ್ಸ್‌ನ 9 ಎಂಜಿನಿಯರ್ ರೆಜಿಮೆಂಟಿನವರು ಗುಂಡು ಶೆಲ್ಲುಗಳ ನಡುವೆ ಮೈನ್‌ಫೀಲ್ಡಿನಲ್ಲಿ ಟ್ಯಾಂಕಿಗೆ ದಾರಿ ಮಾಡುತ್ತಿದ್ದರು. ದಾರಿ ಪೂರ್ತಿಯಾಗುವ ಮೊದಲೇ, 16ರ ಬೆಳಗಿನ ಜಾವ, ಪೂನಾ ಹಾರ್ಸ್‌ನ ಟ್ಯಾಂಕುಗಳು ಅಪಾಯ ಲೆಕ್ಕಿಸದೆ ನುಗ್ಗಿದವು. ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲರ ಪರಮವೀರ ಚಕ್ರದ ಕಥೆ ಎಲ್ಲರಿಗೂ ಗೊತ್ತು. ಆ ಟ್ಯಾಂಕುಗಳ ಚೈನಿನ ಕೆಳಗಿನ ನೆಲವನ್ನು ಹದ ಮಾಡಿದ ರೆಜಿಮೆಂಟಿನ ಮೇಜರ್ ವಿಜಯ್ ರತ್ತನ್ ಚೌಧರಿಯವರಿಗೆ ಮರಣೋತ್ತರ ಮಹಾವೀರ ಚಕ್ರ ಬಂದದ್ದು ಕಮ್ಮಿ ಜನಕ್ಕೆ ಗೊತ್ತು. ಸ್ಯಾಪರುಗಳ ಪಾಲಿಗೆ ಇದು ಮಾಮೂಲು: ದಾರಿ ಮಾಡಿದವನ ಹೆಸರು ದಾರಿಯಲ್ಲಿ ಹೋದವನ ಹೆಸರಿನ ಹಿಂದೆ.

ಹದಿನೈದು ವರ್ಷ ತುಂಬಿದರೆ ಪೆನ್ಷನ್. 1963ರಲ್ಲಿ ಹೋದವರು 1978ರ ಹೊತ್ತಿಗೆ, ಮೂವತ್ತಮೂರರ ವಯಸ್ಸಿನಲ್ಲಿ, ಕಬ್ಬಿಣದ ಟ್ರಂಕು ಹೊತ್ತು ಊರಿಗೆ ಇಳಿದರು. ಆಗಿನ ಪೆನ್ಷನ್ನಿನಲ್ಲಿ ಸಂಸಾರ ಸಾಗುತ್ತಿರಲಿಲ್ಲ. ಮದುವೆಯಾದಂದಿನಿಂದ ‘56 ಎ.ಪಿ.ಒ.’ ಅಥವಾ ‘99 ಎ.ಪಿ.ಒ.’ ಎಂಬ ಸೇನಾ ಅಂಚೆಯ ವಿಳಾಸಕ್ಕೆ ಕಾಗದ ಬರೆಸುತ್ತಾ, ಮನಿಯಾರ್ಡರಿನಲ್ಲಿ ಗದ್ದೆ ಕೆಲಸ ಮಾಡಿಸುತ್ತಾ ಮನೆ ನಡೆಸಿದ್ದು ಹೆಂಡತಿ. ಬಂದವರು ಜಿಲ್ಲಾ ಸೈನಿಕ ಕಚೇರಿಯಲ್ಲಿ ಹೆಸರು ಬರೆಸಿದರು. ಮಾಜಿ ಸೈನಿಕರ ಮೀಸಲಾತಿ ಇತ್ತು, ವಯಸ್ಸಿನ ಮಿತಿಯಲ್ಲಿ ಸೇವೆಯ ವರ್ಷಗಳನ್ನು ಕಳೆಯುತ್ತಿದ್ದರು. ಬ್ಯಾಂಕಿನ ಗಾರ್ಡು, ಪೋಸ್ಟ್‌ಮ್ಯಾನು, ಅರಣ್ಯ ಇಲಾಖೆಯ ಗಾರ್ಡು, ಕೆ.ಎಸ್.ಆರ್.ಟಿ.ಸಿ. ಡ್ರೈವರು ಆದವರು ಬೇಕಾದಷ್ಟಿದ್ದಾರೆ. ಎಲೆಕ್ಟ್ರಿಷಿಯನ್ ಟ್ರೇಡಿನವರಿಗೆ ಸಹಜವಾಗಿ ಸಿಕ್ಕಿದ್ದು ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ.

ಅದು ಹಳ್ಳಿಗಳಿಗೆ ಕರೆಂಟು ಹೊಸದಾಗಿ ಹರಡುತ್ತಿದ್ದ ಕಾಲ. ಕಂಬ ಇಳಿಸಿಹೋದ ಲಾರಿ ಇನ್ನೊಮ್ಮೆ ಯಾವಾಗ ಬರುತ್ತದೋ ಗೊತ್ತಿಲ್ಲ. 9 ಮೀಟರಿನ ಕಂಬವಾದರೆ ಒಂದೂವರೆ ಮೀಟರ್ ನೆಲದೊಳಗೆ ಹೋಗಬೇಕು, ಆರನೇ ಒಂದು ಪಾಲು. ಗುಂಡಿ ತೋಡುವವರು ಬಂಡೆ ಸಿಕ್ಕಿದ ತಕ್ಷಣ ‘ಇಷ್ಟು ಸಾಕು’ ಎನ್ನುತ್ತಾರೆ. ಸಾಕಾಗುವುದಿಲ್ಲ. ಎರಡು ಮಳೆಗಾಲ ನಿಲ್ಲುತ್ತದೆ, ಮೂರನೆಯದರಲ್ಲಿ ವಾಲುತ್ತದೆ, ವಾಲಿದ ಕಡೆಯ ತಂತಿ ಬಿಗಿಯಾಗಿ ಆಚೆಯದು ಜೋಲುತ್ತದೆ, ಗಾಳಿಗೆ ಎರಡು ತಂತಿ ಮುಟ್ಟಿಕೊಳ್ಳುತ್ತವೆ. ಲೈನು ತಿರುಗುವ ಕಡೆ ಸ್ಟೇ ವೈರ್ ಎಳೆದು ಕಟ್ಟದಿದ್ದರೂ ಇದೇ ಗತಿ. ಸೇತುವೆಗೆ ಆಧಾರ ಕೊಟ್ಟು ಅಭ್ಯಾಸವಿದ್ದವರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭಾಗ್ಯಜ್ಯೋತಿಯಲ್ಲಿ ಬಡವರ ಗುಡಿಸಲಿಗೆ ಒಂದೇ ಬಲ್ಬಿನ ಕನೆಕ್ಷನ್ ಕೊಟ್ಟದ್ದೂ ಇವರ ಕೈಯೇ.

ಅವರ ಕೆಲಸವನ್ನು ಹತ್ತಿರದಿಂದ ನೋಡಬೇಕಾದರೆ ಲೈನ್ ಕ್ಲಿಯರ್, ಅಂದರೆ ಲೈನಿನ ಕರೆಂಟು ತೆಗೆಸಿ ಕೆಲಸಕ್ಕೆ ಅನುಮತಿ ಪಡೆಯುವ ಕ್ರಮ, ನೋಡಬೇಕು. ಲೈನ್‌ಮ್ಯಾನ್ ಬದುಕಿ ಉಳಿಯುವುದೂ ಸಾಯುವುದೂ ಅದರಲ್ಲೇ.

ಜುಲೈ ತಿಂಗಳು, ಮಲೆನಾಡು. ಅಡಿಕೆ ಮರ ಮುರಿದು 11 ಕೆ.ವಿ. ಲೈನಿನ ಮೇಲೆ ಒರಗಿದೆ, ಒಂದು ಜಂಪು (ಕಂಬದಲ್ಲಿ ಎರಡು ತಂತಿ ಜೋಡಿಸುವ ತುಂಡು) ಕಟ್ಟಾಗಿದೆ. ಲೈನ್‌ಮ್ಯಾನ್ ಮೊದಲು ಸಬ್‌ಸ್ಟೇಷನ್ನಿಗೆ ಹೇಳಬೇಕು. ಬರೀ ‘ಲೈನ್ ತೆಗೀರಿ’ ಅಂತಲ್ಲ. ಫೀಡರಿನ (ಸಬ್‌ಸ್ಟೇಷನ್ನಿನಿಂದ ಹೊರಡುವ ಆ ಲೈನಿನ) ಹೆಸರು, ಕೆಲಸದ ಜಾಗ, ತನ್ನ ಹೆಸರು. ಅಲ್ಲಿಯ ಆಪರೇಟರು ಬ್ರೇಕರ್ ತೆಗೆದು, ಐಸೊಲೇಟರ್ ತೆಗೆದು, ಲೈನಿಗೆ ಅರ್ಥ್ ಹಾಕಿ, ರಿಜಿಸ್ಟರಿನಲ್ಲಿ ಬರೆದು, ಎಲ್.ಸಿ. (ಲೈನ್ ಕ್ಲಿಯರ್) ನಂಬರು ಕೊಡುತ್ತಾನೆ. ಲೈನ್‌ಮ್ಯಾನ್ ಆ ನಂಬರನ್ನು ತಿರುಗಿಸಿ ಓದಿ ಹೇಳಿ, ತನ್ನ ಕಿಸೆಯ ಪುಸ್ತಕದಲ್ಲಿ ಹೊತ್ತು ಸಮೇತ ಬರೆದುಕೊಳ್ಳುತ್ತಾನೆ. ಸೇನೆಯ ವೈರ್‌ಲೆಸ್ಸಿನಲ್ಲಿ ಕೇಳಿದ್ದನ್ನು ತಿರುಗಿಸಿ ಹೇಳಿಯೇ ಮುಂದೆ ಹೋಗುವುದು. ಮಿಲ್ಟ್ರಿಯವರು ಇಲ್ಲೂ ಅದನ್ನು ಬಿಡಲಿಲ್ಲ. ಜೊತೆಯವರು ನಗುತ್ತಿದ್ದರು.

ಆಮೇಲೆ ಜಿ.ಒ.ಎಸ್., ಮೂರೂ ತಂತಿಯನ್ನು ಒಟ್ಟಿಗೆ ಬಿಡಿಸುವ ಕಂಬದ ಮೇಲಿನ ಸ್ವಿಚ್ಚು. ಅದರ ಹಿಡಿ ಎಳೆದರೆ ಮೂರು ಬ್ಲೇಡು ಒಟ್ಟಿಗೆ ಬಿಟ್ಟುಕೊಳ್ಳಬೇಕು. ಆದರೆ ತುಕ್ಕು ಹಿಡಿದದ್ದರಲ್ಲಿ, ಹಿಡಿ ಪೂರ್ತಿ ಕೆಳಗೆ ಬಂದರೂ ಒಂದು ಬ್ಲೇಡು ಕಚ್ಚಿಕೊಂಡೇ ಇರುತ್ತದೆ. ಕೆಳಗೆ ನಿಂತು ಹಿಡಿ ನೋಡಿ ‘ಆಫ್ ಆಯ್ತು’ ಎಂದವರು ಎಷ್ಟೋ ಜನ ಹೋಗಿದ್ದಾರೆ. ತಲೆಯೆತ್ತಿ ಒಂದು, ಎರಡು, ಮೂರು ಎಂದು ಬ್ಲೇಡು ಎಣಿಸಬೇಕು. ಹಿಡಿಗೆ ಬೀಗ ಹಾಕಿ ಬೀಗದ ಕೈ ಕಿಸೆಗೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ‘ಕರೆಂಟ್ ಯಾಕೆ ತೆಗೆದಿದ್ದಾರೆ’ ಎಂದು ಯಾವನೋ ಪುಣ್ಯಾತ್ಮ ಬಂದು ಮೇಲಕ್ಕೆ ತಳ್ಳುತ್ತಾನೆ.

ಇಷ್ಟಾದ ಮೇಲೂ ಲೈನು ಸತ್ತಿದೆ ಎಂದು ನಂಬುವಂತಿಲ್ಲ. ಟೆಸ್ಟರಿನಲ್ಲಿ ನೋಡಿ, ತಂತಿಯನ್ನು ನೆಲಕ್ಕೆ ಸೇರಿಸುವ ಡಿಸ್‌ಚಾರ್ಜ್ ರಾಡು ಹಾಕಬೇಕು. ಅದಕ್ಕೂ ಕ್ರಮ ಇದೆ. ರಾಡಿನ ಅರ್ಥ್ ತುದಿಯನ್ನು ಮೊದಲು ನೆಲದ ಅರ್ಥಿಗೆ ಬಿಗಿದು, ನಂತರ ಕೊಕ್ಕೆಯನ್ನು ತಂತಿಗೆ ಸಿಕ್ಕಿಸುವುದು. ತೆಗೆಯುವಾಗ ತಂತಿಯಿಂದ ಮೊದಲು, ಅರ್ಥಿನಿಂದ ಕೊನೆಗೆ. ಅದಲು ಬದಲಾದರೆ ತಂತಿಯಲ್ಲಿ ಉಳಿದದ್ದು ರಾಡು ಹಿಡಿದವನ ಮೈಮೂಲಕ ನೆಲಕ್ಕೆ ಹೋಗುತ್ತದೆ. ಕೆಲಸದ ಜಾಗದ ಎರಡೂ ಕಡೆ ರಾಡು ಬೀಳಬೇಕು, ಒಂದೇ ಕಡೆ ಹಾಕಿದರೆ ಅರ್ಧ ಕೆಲಸ.

ಎರಡೂ ಕಡೆ ಏಕೆಂದರೆ, ಕರೆಂಟು ಸಬ್‌ಸ್ಟೇಷನ್ ಕಡೆಯಿಂದಲೇ ಬರಬೇಕೆಂದಿಲ್ಲ. ಊರಿನಲ್ಲಿ ಮದುವೆ ಇದೆ, ಜನರೇಟರ್ ಇಟ್ಟಿದ್ದಾರೆ, ಚೇಂಜ್‌ಓವರ್ ಸ್ವಿಚ್ಚು ಹಾಕದೆ ನೇರ ಬೋರ್ಡಿಗೆ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಆ ಕರೆಂಟು ಮೀಟರ್ ದಾಟಿ, ಮನೆಗಳಿಗೆ ಬರುವ ಕಡಿಮೆ ವೋಲ್ಟೇಜಿನ ಎಲ್.ಟಿ. ಲೈನ್ ಹತ್ತಿ, ಟಿ.ಸಿ.ಯನ್ನು (ಟ್ರಾನ್ಸ್‌ಫಾರ್ಮರನ್ನು) ಹಿಂದಿನಿಂದ ಹೊಕ್ಕುತ್ತದೆ. 11 ಸಾವಿರ ವೋಲ್ಟನ್ನು 433ಕ್ಕೆ ಇಳಿಸುವ ಅದೇ ಟಿ.ಸಿ., ಹಿಂದಿನಿಂದ ಕೊಟ್ಟರೆ ಮನೆಯ ಕರೆಂಟನ್ನು 11 ಸಾವಿರಕ್ಕೆ ಏರಿಸುತ್ತದೆ. ಎಲ್.ಸಿ. ಇದೆ, ಜಿ.ಒ.ಎಸ್. ತೆಗೆದಿದೆ, ಬೀಗ ಹಾಕಿದೆ, ಆದರೂ ಕಂಬದ ಮೇಲಿನವನಿಗೆ ಹೊಡೆಯುತ್ತದೆ. ಅರ್ಥ್ ಹಾಕಿದ್ದರೆ ಮಾತ್ರ ಅಲ್ಲಿ ಜೀವ ಉಳಿಯುತ್ತದೆ. ಮನೆಮನೆಯಲ್ಲೂ ಯು.ಪಿ.ಎಸ್. ಬಂದ ಮೇಲೆ ಈ ಹಿಂಬದಿಯ ಭಯ ಹೆಚ್ಚಿದೆಯೇ ಹೊರತು ಕಮ್ಮಿಯಾಗಿಲ್ಲ.

ಕೆಲಸ ಮುಗಿದ ಮೇಲೆ ತಲೆ ಎಣಿಕೆ. ಹತ್ತಿದವರು ಎಷ್ಟು, ಇಳಿದವರು ಎಷ್ಟು. ಕಟಿಂಗ್ ಪ್ಲೈಯರು, ಹಗ್ಗ, ರಾಡು ಎಷ್ಟು. ಎಲ್.ಸಿ. ವಾಪಸ್ ಕೊಡುವವನು ಪಡೆದವನೇ ಆಗಿರಬೇಕು. ಇಲ್ಲಿ ನಡೆಯುವ ದೊಡ್ಡ ತಪ್ಪು ಹೊತ್ತಿನ ಒಪ್ಪಂದ: ‘ಫೋನ್ ಸಿಗಲ್ಲ, ಎಂಟು ಗಂಟೆಗೆ ನೀವೇ ಹಾಕಿಬಿಡಿ, ಅಷ್ಟರಲ್ಲಿ ಇಳಿದಿರ್ತೀವಿ’. ಎಂಟಕ್ಕೆ ಐದು ನಿಮಿಷ ಇದ್ದಾಗ ಬೋಲ್ಟು ಕಚ್ಚಿಕೊಳ್ಳುತ್ತದೆ. ಮಿಲ್ಟ್ರಿಯಿಂದ ಬಂದವರು ಈ ಒಪ್ಪಂದಕ್ಕೆ ಜಗ್ಗುತ್ತಿರಲಿಲ್ಲ ಎಂಬ ಮಾತನ್ನು ಅವರ ಜೊತೆ ಕಂಬ ಹತ್ತಿದವರು ಈಗಲೂ ಹೇಳುತ್ತಾರೆ. ಅದಕ್ಕೇ ಅವರನ್ನು ಮೊಂಡರು, ನಿಧಾನದವರು ಎಂದು ಬೈದದ್ದೂ ಉಂಟು. ಕತ್ತಲಲ್ಲಿ ಕೂತ ಊರಿಗೆ ಸಹನೆ ಕಮ್ಮಿ.

ಟೇಪಿನ ಹೊರಗೆ ಕಾಲಿಡದವನೂ ರಾಡು ಹಾಕದೆ ತಂತಿ ಮುಟ್ಟದವನೂ ಒಬ್ಬನೇ. ಶ್ರದ್ಧಾಂಜಲಿಯಲ್ಲಿ ಬರೆಯಬೇಕಾದದ್ದು ಇದು.

ಟಿ.ಸಿ. ಫ್ಯೂಸಿನ ವಿಷಯಕ್ಕೆ ಊರಿನವರ ಜೊತೆ ಜಗಳವಿಲ್ಲದ ಲೈನ್‌ಮ್ಯಾನ್ ಇಲ್ಲ. 25 ಕೆ.ವಿ.ಎ. ಟಿ.ಸಿ.ಯ ಎಲ್.ಟಿ. ಬದಿಯಲ್ಲಿ ಹರಿಯಬೇಕಾದದ್ದು ಫೇಸಿಗೆ 33 ಆಂಪಿಯರ್, 63ರದ್ದಾದರೆ 84, 100ರದ್ದಾದರೆ 133. ಎಚ್.ಟಿ. (11 ಕೆ.ವಿ.) ಬದಿಯಲ್ಲಿ 25ರದಕ್ಕೆ ಒಂದೂಕಾಲು ಆಂಪಿಯರ್ ಚಿಲ್ಲರೆ, ಅಷ್ಟೇ. ಅದಕ್ಕೆ ತಕ್ಕ ಸಣ್ಣ ತಂತಿ ಹಾಕಿದರೆ ಬೇಸಿಗೆಯಲ್ಲಿ ಎಲ್ಲ ಪಂಪ್‌ಸೆಟ್ಟು ಒಟ್ಟಿಗೆ ಎದ್ದಾಗ ಫ್ಯೂಸು ಹೋಗುತ್ತದೆ. ರೈತರು ರಾತ್ರಿ ತಾವೇ ಹೋಗಿ ಲೈನಿನ ಅಲ್ಯುಮಿನಿಯಂ ಎಳೆ ಬಿಚ್ಚಿ ಸುತ್ತುತ್ತಾರೆ. ಅದು ಹೋಗುವುದೇ ಇಲ್ಲ. ಫ್ಯೂಸಿನ ಬದಲು ಒಳಗಿನ ಕಾಯಿಲ್ ಹೋಗುತ್ತದೆ, ಹೊಸ ಟಿ.ಸಿ. ಬರುವಷ್ಟರಲ್ಲಿ ಪೈರು ಒಣಗುತ್ತದೆ. ನ್ಯೂಟ್ರಲ್ಲಿನ ಕಥೆ ಬೇರೆ. ಎಲ್.ಟಿ. ಲೈನಿನಲ್ಲಿ ನ್ಯೂಟ್ರಲ್ ತುಂಡಾದರೆ ಕರೆಂಟು ಹೋಗುವುದಿಲ್ಲ, ಬದಲಿಗೆ ಕೆಲವು ಮನೆಯಲ್ಲಿ ಬಲ್ಬು ಮಂಕಾಗುತ್ತದೆ, ಕೆಲವು ಮನೆಯಲ್ಲಿ ಟಿ.ವಿ. ಸುಡುತ್ತದೆ. ‘ಒಂದು ಬೀದಿಗೆ ಜಾಸ್ತಿ, ಒಂದು ಬೀದಿಗೆ ಕಮ್ಮಿ’ ಎಂದು ಫೋನು ಬಂದರೆ ಅನುಭವಸ್ಥನು ಮೊದಲು ನೋಡುವುದು ನ್ಯೂಟ್ರಲ್, ಆಮೇಲೆ ಟಿ.ಸಿ.ಯ ಅರ್ಥ್ ಗುಂಡಿ. ಉಪ್ಪು, ಇದ್ದಿಲು ತುಂಬಿದ ಆ ಗುಂಡಿಗೆ ಏಪ್ರಿಲಿನಲ್ಲಿ ಎರಡು ಕೊಡ ನೀರು ಹಾಕುವವರು ಈಗ ಯಾರೂ ಇಲ್ಲ.

1999ರ ಆಗಸ್ಟಿನಲ್ಲಿ ಕೆ.ಇ.ಬಿ. ಹೋಗಿ ಕೆ.ಪಿ.ಟಿ.ಸಿ.ಎಲ್. ಬಂತು. 2002ರ ಜೂನಿನಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಆದವು. ಐವತ್ತೆಂಟಕ್ಕೆ, 2003ರ ಹೊತ್ತಿಗೆ, ನಿವೃತ್ತರಾದವರ ಸರ್ವಿಸ್ ರಿಜಿಸ್ಟರಿನಲ್ಲಿ ಮೂರು ಮೊಹರು ಇರುತ್ತದೆ. ಊರಿನ ಬಾಯಲ್ಲಿ ಮಾತ್ರ ಅವರು ಕಡೆತನಕ ಕೆ.ಇ.ಬಿ.ಯವರು, ಇಲ್ಲವೇ ಮಿಲ್ಟ್ರಿಯವರು. ಸೇನೆಯ ಕ್ಯಾಂಟೀನಿನ ರಮ್ಮು ಯಾರಿಗೆ ಕೊಡುತ್ತಾರೆ ಎಂಬುದೂ ಊರಿನ ರಾಜಕೀಯದ ಒಂದು ಅಂಗವಾಗಿತ್ತು, ಅದನ್ನು ಬಿಡಿ.

ಇನ್ನು ಟ್ರಂಕು. ಬಹಳ ಮನೆಗಳಲ್ಲಿ ಹದಿಮೂರನೇ ದಿನದವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ, ಆಮೇಲೆ ಒಂದೇ ದಿನ ಎಲ್ಲರೂ ಮುಟ್ಟುತ್ತಾರೆ, ಅಲ್ಲಿಗೆ ಅರ್ಧ ಕಾಗದ ಚೆಲ್ಲಾಪಿಲ್ಲಿ. ಅದರಲ್ಲಿ ಮೊದಲು ಹುಡುಕಬೇಕಾದದ್ದು ಡಿಸ್‌ಚಾರ್ಜ್ ಬುಕ್. ಆರ್ಮಿ ನಂಬರು, ರ‍್ಯಾಂಕು, ಟ್ರೇಡು, ಸೇರಿದ ಮತ್ತು ಬಿಟ್ಟ ತಾರೀಕು, ನಡತೆ, ಮೆಡಲುಗಳು ಎಲ್ಲ ಅದರಲ್ಲಿರುತ್ತವೆ. ನಡತೆಯ ಜಾಗದಲ್ಲಿ ‘ಎಕ್ಸೆಂಪ್ಲರಿ’ ಎಂದಿದ್ದರೆ ಅದು ಎಲ್ಲಕ್ಕಿಂತ ಮೇಲಿನದು. ಬಿಡುಗಡೆಯ ಕಾರಣದಲ್ಲಿ ‘ಆರ್ಮಿ ರೂಲ್ 13(3) III(i)’ ಎಂದಿದ್ದರೆ ಒಪ್ಪಂದದ ಅವಧಿ ಮುಗಿಸಿ ಬಂದರು ಎಂದರ್ಥ. III(iv) ಇದ್ದರೆ ಅವಧಿಗೆ ಮೊದಲೇ ತಾವಾಗಿ ಕೇಳಿಕೊಂಡು ಬಂದದ್ದು, ಹೆಚ್ಚಾಗಿ ಮನೆಯ ತಾಪತ್ರಯಕ್ಕೆ. ಈ ಒಂದು ಸಾಲಿನಿಂದಲೇ ಮನೆಯವರಿಗೆ ಗೊತ್ತಿಲ್ಲದ ಸಂಗತಿ ಹೊರಬೀಳುವುದುಂಟು.

ಮೆಡಲುಗಳನ್ನು ಓದಲು ಬರಬೇಕು. 1965ರ ಸಮರ್ ಸೇವಾ ಸ್ಟಾರ್ ಇದ್ದರೆ ಆ ಯುದ್ಧದ ಕಾರ್ಯಾಚರಣೆಯ ವಲಯದಲ್ಲಿದ್ದವರು. ರಕ್ಷಾ ಮೆಡಲ್ ಮಾತ್ರ ಇದ್ದರೆ ಆಗ ಸೇನೆಯಲ್ಲಿದ್ದರು ಎಂದಷ್ಟೇ ಹೇಳಬಹುದು. 1971ಕ್ಕೂ ಹಾಗೆಯೇ: ಪಶ್ಚಿಮಿ ಸ್ಟಾರ್ ಎಂದರೆ ಪಶ್ಚಿಮ ರಂಗ, ಪೂರ್ವಿ ಸ್ಟಾರ್ ಎಂದರೆ ಬಾಂಗ್ಲಾ ಕಡೆ, ಸಂಗ್ರಾಮ್ ಮೆಡಲ್ ಆಗ ಸೇವೆಯಲ್ಲಿದ್ದ ಎಲ್ಲ ಕಡೆಯವರಿಗೂ. ಸೈನ್ಯ ಸೇವಾ ಮೆಡಲಿನ ರಿಬ್ಬನ್ನಿನ ಮೇಲೆ ಒಂದು ಪಟ್ಟಿ ಇರುತ್ತದೆ, ಅದರಲ್ಲಿ ಜಮ್ಮು ಕಾಶ್ಮೀರ, ನೇಫಾ (ಈಗಿನ ಅರುಣಾಚಲ), ಹಿಮಾಲಯ ಎಂದು ಕೆಲಸ ಮಾಡಿದ ಪ್ರದೇಶ ಬರೆದಿರುತ್ತದೆ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್. ಒಂಬತ್ತು ವರ್ಷದ ಸೇವೆಗೆ ಇನ್ನೊಂದು. ಇಷ್ಟನ್ನು ಸಾಲಾಗಿ ಇಟ್ಟರೆ, ಬಾಯಿಬಿಡದೆ ಹೋದವರ ಹದಿನೈದು ವರ್ಷ ಮುಕ್ಕಾಲು ಪಾಲು ತಿಳಿಯುತ್ತದೆ. ಫ್ಲೆಕ್ಸಿನಲ್ಲಿ ‘ಬಾಂಗ್ಲಾ ವಿಮೋಚನೆಯ ವೀರ’ ಎಂದು ಹಾಕಿಸುವ ಮುನ್ನ ಸ್ಟಾರು ಪೂರ್ವದ್ದೋ ಪಶ್ಚಿಮದ್ದೋ ನೋಡಿಕೊಳ್ಳುವುದು ಒಳ್ಳೆಯದು.

ದುಂಡು ಮೆಡಲಿನ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಆರ್ಮಿ ನಂಬರು, ರ‍್ಯಾಂಕು, ಹೆಸರು, ದಳ ಸಣ್ಣ ಅಕ್ಷರದಲ್ಲಿ ಕೊರೆದಿರುವುದು ಕಾಣುತ್ತದೆ. ಆದ್ದರಿಂದಲೇ ಬ್ರಾಸೋ ಹಾಕಿ ಫಳಫಳ ಉಜ್ಜಬಾರದು. ಹತ್ತು ಸಲ ಉಜ್ಜುವಷ್ಟರಲ್ಲಿ ಹೆಸರು ಸವೆದು ಅದು ಯಾರದ್ದೂ ಅಲ್ಲದ ಬಿಲ್ಲೆಯಾಗುತ್ತದೆ. ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿ, ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ಡಿಸ್‌ಚಾರ್ಜ್ ಬುಕ್ಕನ್ನು ಲ್ಯಾಮಿನೇಷನ್ ಮಾಡಿಸುವುದು ಎರಡನೇ ಅನಾಹುತ. ಬಿಸಿಗೆ ಶಾಯಿ ಹರಡುತ್ತದೆ, ಹಳೆಯ ಕಾಗದ ಪ್ಲಾಸ್ಟಿಕ್ಕಿನೊಳಗೆ ಕಂದುತ್ತದೆ, ಮತ್ತೆ ಬಿಡಿಸಲಾಗುವುದಿಲ್ಲ. ಪುಟಪುಟವೂ, ಖಾಲಿ ಪುಟವೂ ಸೇರಿ, 300 ಡಿ.ಪಿ.ಐ.ನಲ್ಲಿ ಸ್ಕ್ಯಾನ್ ಮಾಡಿಸಿ ಎರಡು ಕಡೆ ಇಟ್ಟು, ಮೂಲವನ್ನು ಒಣಗಿದ ಜಾಗದಲ್ಲಿ ಇಡಬೇಕು. ಮಲೆನಾಡಿನಲ್ಲಾದರೆ ಮಳೆಗಾಲ ಮುಗಿದ ಮೇಲೆ ಒಂದು ಸಲ ನೆರಳಿನಲ್ಲಿ ಗಾಳಿಗೆ ಬಿಚ್ಚಿಡಬೇಕು. ಕೆ.ಇ.ಬಿ. ಕಾಲದ ಕಿಸೆ ಪುಸ್ತಕ, ಎಲ್.ಸಿ. ನಂಬರು ಬರೆದದ್ದು, ಸಿಕ್ಕರೆ ಅದನ್ನು ರದ್ದಿಗೆ ಹಾಕಬೇಡಿ. ಯಾವ ಮಳೆಗೆ ಯಾವ ಕಂಬ ಬಿತ್ತು, ಯಾವ ರಾತ್ರಿ ಎಷ್ಟು ಹೊತ್ತಿಗೆ ಊರಿಗೆ ಬೆಳಕು ಬಂತು ಎಂಬ ಲೆಕ್ಕ ಇನ್ನೆಲ್ಲೂ ಉಳಿದಿರುವುದಿಲ್ಲ.

ಬಾವುಟದ ವಿಷಯ. ಪ್ರೀತಿಯಿಂದ ಪಾರ್ಥಿವ ಶರೀರಕ್ಕೆ ತ್ರಿವರ್ಣ ಹೊದಿಸುತ್ತಾರೆ. ಸರ್ಕಾರಿ, ಸೇನಾ ಅಥವಾ ಅರೆಸೇನಾ ಅಂತ್ಯಕ್ರಿಯೆಗೆ ಮಾತ್ರ ಧ್ವಜಸಂಹಿತೆ ಅದನ್ನು ಒಪ್ಪುತ್ತದೆ. ಅಂಥಲ್ಲೂ ಕೇಸರಿ ತಲೆಯ ಕಡೆ ಬರಬೇಕು, ಗುಂಡಿಗೆ ಇಳಿಸುವ ಅಥವಾ ಚಿತೆಗೆ ಏರಿಸುವ ಮುನ್ನ ಮಡಿಚಿ ತೆಗೆಯಬೇಕು. ಸ್ಥಳೀಯ ಮಾಜಿ ಸೈನಿಕರ ಸಂಘಕ್ಕೆ ತಿಳಿಸಿದರೆ ಅವರು ಬಂದು ಹೂಗುಚ್ಛ ಇಟ್ಟು ಸೆಲ್ಯೂಟ್ ಕೊಡುತ್ತಾರೆ. ಅದು ಹೆಚ್ಚು ಅರ್ಥದ್ದು.

ಹೆಂಡತಿಗೆ ಸಿಗಬೇಕಾದ ಹಣದ ವಿಷಯವನ್ನು ಶ್ರದ್ಧಾಂಜಲಿಯಲ್ಲಿ ಎತ್ತುವುದು ಕೆಲವರಿಗೆ ಹಿಡಿಸದು. ಆದರೆ ಗಂಡ ಸೇನೆಯಲ್ಲಿದ್ದಷ್ಟು ದಿನ ಒಬ್ಬಳೇ ಮನೆ ನಡೆಸಿದವಳು ಅವಳು. ಸೇನೆಯ ಪೆನ್ಷನ್ ಪಡೆಯುತ್ತಾ ಆಮೇಲೆ ಸರ್ಕಾರಿ ಇಲಾಖೆ, ನಿಗಮ, ಮಂಡಳಿಯಲ್ಲಿ ದುಡಿದವರ ಕುಟುಂಬಕ್ಕೆ ಹಿಂದೆ ಎರಡರಲ್ಲಿ ಒಂದೇ ಕುಟುಂಬ ಪಿಂಚಣಿ. 2012ರ ಸೆಪ್ಟೆಂಬರ್ 24ರಿಂದ ಈಚೆಗೆ ಎರಡೂ ಸಿಗುತ್ತದೆ, ಸೇನೆಯದು ಬೇರೆ, ನಾಗರಿಕ ನೌಕರಿಯದು ಬೇರೆ. ಅದಕ್ಕೂ ಮೊದಲು ತೀರಿಕೊಂಡವರ ಮನೆಯವರಿಗೂ ಆ ತಾರೀಕಿನಿಂದ ಇದು ಅನ್ವಯಿಸುತ್ತದೆ. ಇದು ಗೊತ್ತಿಲ್ಲದೆ ವಿದ್ಯುತ್ ಕಂಪನಿಯ ಪಿಂಚಣಿಯೊಂದನ್ನೇ ತೆಗೆದುಕೊಂಡು ಸುಮ್ಮನಿರುವ ಅಜ್ಜಿಯರು ಇದ್ದಾರೆ.

ದರದ ಬಗ್ಗೆ ತಪ್ಪು ನಿರೀಕ್ಷೆ ಬೇಡ. ನಿವೃತ್ತರಾದ ಮೇಲೆ ತೀರಿಕೊಂಡರೆ ಹೆಚ್ಚಿನ ದರ ಏಳು ವರ್ಷ ಅಥವಾ ಅವರಿಗೆ 67 ತುಂಬಬೇಕಾಗಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ. 78ರ ವಯಸ್ಸಿನಲ್ಲಿ ತೀರಿಕೊಂಡವರ ಮನೆಗೆ ಆ ದರ ಬರುವುದಿಲ್ಲ, ನೇರವಾಗಿ ಶೇಕಡ 30ರ ಸಾಮಾನ್ಯ ದರವೇ. ಅಜ್ಜಿಗೆ 80 ತುಂಬಿದಾಗ ಮೂಲ ಪಿಂಚಣಿಯ ಮೇಲೆ ಶೇಕಡ 20 ಹೆಚ್ಚು, 85ಕ್ಕೆ 30, 90ಕ್ಕೆ 40. ಅದು ತಾನಾಗಿ ಬರಬೇಕಾದರೆ ಪಿ.ಪಿ.ಒ.ದಲ್ಲಿ (ಪೆನ್ಷನ್ ಆದೇಶ ಪತ್ರದಲ್ಲಿ) ಅಜ್ಜಿಯ ಹುಟ್ಟಿದ ತಾರೀಕು ದಾಖಲಾಗಿರಬೇಕು.

ತೊಡಕು ಶುರುವಾಗುವುದು ಇಲ್ಲೇ. 1968ರಲ್ಲಿ ಮದುವೆಯಾದಾಗ ಯೂನಿಟ್ಟಿನ ಕ್ಲರ್ಕು ಪಾರ್ಟ್ ಟೂ ಆರ್ಡರಿನಲ್ಲಿ (ಮದುವೆ, ಮಕ್ಕಳ ವಿವರ ದಾಖಲಿಸುವ ಸೇನೆಯ ಆದೇಶದಲ್ಲಿ) ಹೆಂಡತಿಯ ಹೆಸರನ್ನು ತನಗೆ ಕೇಳಿಸಿದಂತೆ ಬರೆದಿರುತ್ತಾನೆ. ಲಕ್ಷ್ಮಮ್ಮ ಅಲ್ಲಿ ಲಚ್ಚಮ್ಮಾಳ್ ಆಗಿರುತ್ತಾಳೆ. ಆಧಾರಿನಲ್ಲಿ ಲಕ್ಷ್ಮಿ, ಬ್ಯಾಂಕಿನಲ್ಲಿ ಲಕ್ಷ್ಮಮ್ಮ ಎನ್., ರೇಷನ್ ಕಾರ್ಡಿನಲ್ಲಿ ಇನ್ನೊಂದು. ಗಂಡ ಬದುಕಿರುವಾಗ ಇದನ್ನು ಸರಿಪಡಿಸುವುದು ಒಂದು ಅರ್ಜಿ, ಒಂದು ಅಫಿಡವಿಟ್ಟು, ಕೆಲವು ನಕಲುಗಳ ಕೆಲಸ: ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಹೋಗುತ್ತದೆ. ಸ್ಯಾಪರುಗಳದ್ದು ಬೆಂಗಳೂರಿನಲ್ಲೇ. ಗಂಡ ಹೋದ ಮೇಲೆ ಅದೇ ಕೆಲಸಕ್ಕೆ ಇಬ್ಬರೂ ಒಬ್ಬಳೇ ಎಂದು ತಹಶೀಲ್ದಾರರವರೆಗೆ ಸಾಬೀತು ಮಾಡುತ್ತಾ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಇನ್ನೊಂದು: ಮರಣದ ಸುದ್ದಿಯನ್ನು ಸೇನಾ ಪೆನ್ಷನ್ನಿನ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲೋ ಬ್ಯಾಂಕಿನಲ್ಲೋ ತಡಮಾಡದೆ ತಿಳಿಸಬೇಕು. ಆಮೇಲೂ ಜಮೆಯಾದ ಪೆನ್ಷನ್ನನ್ನು ಎ.ಟಿ.ಎಂ.ನಲ್ಲಿ ತೆಗೆದರೆ ಅಷ್ಟನ್ನೂ ಹಿಂದಕ್ಕೆ ವಸೂಲಿ ಮಾಡುತ್ತಾರೆ.

1963ರ ತಂಡದವರು ಈಗ ಎಂಬತ್ತರ ಆಚೆಗಿದ್ದಾರೆ. ಮನೆಯಲ್ಲಿ ಅಂಥವರಿದ್ದರೆ ಮೊದಲು ಆರ್ಮಿ ನಂಬರನ್ನು, ಕೊನೆಯ ಇಂಗ್ಲಿಷ್ ಅಕ್ಷರ ಇದ್ದರೆ ಅದನ್ನೂ ಸೇರಿಸಿ, ಒಂದು ಕಡೆ ಬರೆದಿಟ್ಟುಕೊಳ್ಳಿ. ಹೆಂಡತಿಯ ಹೆಸರು, ಹುಟ್ಟಿದ ತಾರೀಕು ಪಿ.ಪಿ.ಒ.ದಲ್ಲಿ ಸರಿಯಿದೆಯೇ ನೋಡಿ. ‘ಯುದ್ಧದಲ್ಲಿ ಏನಾಯ್ತು ತಾತ’ ಎಂದು ಕೇಳಿದರೆ ‘ಏನಿಲ್ಲಪ್ಪ’ ಎನ್ನುತ್ತಾರೆ. ಯಾವ ಕಂಪನಿ, ಯಾವ ಟ್ರೇಡು, ಪ್ಯಾನೆಲ್ ಹೊರುವಾಗ ನಿಮ್ಮ ಎದುರಿಗೆ ಯಾರು ಇರುತ್ತಿದ್ದರು, ನಮ್ಮೂರಿನ ಮೊದಲ ಟಿ.ಸಿ. ಎಲ್ಲಿ ನಿಲ್ಲಿಸಿದಿರಿ, ಅಲ್ಲೇ ಯಾಕೆ ಎಂದು ಕೇಳಿ. ಫೋನಿನ ರೆಕಾರ್ಡರ್ ಹಾಕಿಟ್ಟು ಕೇಳಿ, ಮೆಮೊರಿ ಖಾಲಿ ಇದೆಯೇ ಮೊದಲೇ ನೋಡಿಕೊಳ್ಳಿ. ಟಿ.ಸಿ. ಜಾಗದ ಪ್ರಶ್ನೆಗೇ ಒಂದು ಗಂಟೆ ಹಿಡಿಯುತ್ತದೆ, ಆಗ ಯಾರ ಹೊಲದವರು ಜಾಗ ಕೊಡಲಿಲ್ಲ ಎಂಬುದೂ ಸೇರಿ.